ರೆಂಡರಿಂಗ್‌ನಲ್ಲಿ ಮಲೆನಾಡಿನ ನಿಜವಾದ ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಡಿಸೈನ್ ಮಾಡುವವರು, ರೆಂಡರಿಂಗ್ (ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದು) ಕಲಿಯುತ್ತಿರುವವರು, ಮನೆ ಕಟ್ಟಿಸಲು ಹೊರಟವರು ನಮ್ಮನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ಯಾವ ಬಟನ್ ಎಲ್ಲಿದೆ ಎಂಬ ಪಾಠ ಇದಲ್ಲ. ನಮ್ಮ ಊರಿನ ಬೆಳಕು ಕಂಪ್ಯೂಟರಿನ ಒಳಗೆ ಸರಿಯಾಗಿ ಬರಬೇಕಾದರೆ ಯಾವ ಅಂಕಿ ಬೇಕು, ಅದು ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದಷ್ಟೇ ಇಲ್ಲಿದೆ.

ನಿಜವಾದ ಬೆಳಕಿನ ಡೇಟಾ ಅಂದರೆ ಏನು?

ಅಳೆದು ಬರೆದಿಟ್ಟ ಬೆಳಕು. ಮುಖ್ಯವಾಗಿ ನಾಲ್ಕು ಬಗೆ. ಒಂದು, ಆ ಜಾಗದಲ್ಲಿ ಆ ದಿನ ಆ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ ಎಂಬ ಲೆಕ್ಕ. ಎರಡು, ವರ್ಷವಿಡೀ ಗಂಟೆಗಂಟೆಗೂ ಬಿಸಿಲು ಎಷ್ಟು, ಮೋಡದಿಂದ ಚದುರಿ ಬಂದ ಬೆಳಕು ಎಷ್ಟು ಎಂದು ಹೇಳುವ ಹವಾಮಾನ ಫೈಲ್. ಮೂರು, ದೀಪದಿಂದ ಯಾವ ಕಡೆಗೆ ಎಷ್ಟು ಬೆಳಕು ಹೊರಡುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದ ಐಇಎಸ್ ಫೈಲ್. ನಾಲ್ಕು, ನಿಜವಾದ ಆಕಾಶದ ಸುತ್ತಲಿನ ಫೋಟೊ, ಅಂದರೆ ಎಚ್‌ಡಿಆರ್‌ಐ.

ಐದನೆಯದೊಂದಿದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ. ಗೋಡೆ, ನೆಲ, ಹೆಂಚು ಎಷ್ಟು ಬೆಳಕನ್ನು ವಾಪಸ್ ಕೊಡುತ್ತವೆ ಎಂಬ ಅಂಕಿ. ಅದು ತಪ್ಪಿದರೆ ಮೊದಲ ನಾಲ್ಕು ಸರಿಯಿದ್ದರೂ ಕೋಣೆಯ ಬೆಳಕು ಸುಳ್ಳಾಗುತ್ತದೆ.

ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?

ಜಾಹೀರಾತಿಗೆ ಚಿತ್ರ ಬೇಕಿದ್ದರೆ ಸಾಕು. ಆದರೆ ಆ ಚಿತ್ರ ನೋಡಿ ಯಾರೋ ಕಿಟಕಿಯ ಅಳತೆ ತೀರ್ಮಾನ ಮಾಡುತ್ತಾರೆ ಎಂದಾದರೆ ಸಾಲದು.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ್ದೇ ರಾಜ್ಯ. ಮಳೆಗೆಂದು ಸೂರು ಉದ್ದ, ಸುತ್ತ ಮರ, ಹಿಂದೆ ಗುಡ್ಡ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬ ಅಳತೆಯೇ ಲಕ್ಸ್. ಬಿಸಿಲಿನ ದಿನ ಹೊರಗೆ ಒಂದು ಲಕ್ಷ ಲಕ್ಸ್‌ವರೆಗೆ ಬೆಳಕು ಇರುತ್ತದೆ. ದಟ್ಟ ಮಳೆಮೋಡ ಕವಿದಾಗ ಅದು ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಬಹಳಷ್ಟು ರೆಂಡರ್‌ಗಳು ಬಿಸಿಲಿನ ಬೆಳಗಿನ ಚಿತ್ರ ತೋರಿಸಿ ಮನೆ ಒಪ್ಪಿಸುತ್ತವೆ. ಆ ಮನೆಯವರು ಜುಲೈನಲ್ಲಿ ಮಧ್ಯಾಹ್ನ ಮೂರಕ್ಕೆ ಲೈಟ್ ಹಾಕಿಕೊಂಡು ಅಡುಗೆ ಮಾಡುತ್ತಾರೆ. ಇದು ಮೊದಲೇ ಗೊತ್ತಾಗಬೇಕಾದ ವಿಷಯ. ಗೊತ್ತು ಮಾಡಿಕೊಳ್ಳಲು ಸಾಧನಗಳೂ ಇವೆ, ಅವುಗಳಲ್ಲಿ ಹಲವು ಉಚಿತ.

ಶಿವಮೊಗ್ಗಕ್ಕೆ ಸಾಫ್ಟ್‌ವೇರಿನಲ್ಲಿ ಯಾವ ಜಾಗ, ಯಾವ ಸಮಯ ಹಾಕಬೇಕು?

ಶಿವಮೊಗ್ಗ ನಗರಕ್ಕೆ ಅಕ್ಷಾಂಶ ಸುಮಾರು 13.93 ಡಿಗ್ರಿ ಉತ್ತರ, ರೇಖಾಂಶ ಸುಮಾರು 75.57 ಡಿಗ್ರಿ ಪೂರ್ವ. ಸಮಯ ವಲಯ 5.5. ಕೆಲವರು ಪಟ್ಟಿಯಲ್ಲಿ ಅವಸರಕ್ಕೆ 5 ಅಥವಾ 6 ಆರಿಸಿಬಿಡುತ್ತಾರೆ. ಆಗ ನೆರಳು ಅರ್ಧ ಗಂಟೆ ಆಚೀಚೆ ಆಗುತ್ತದೆ.

ಇನ್ನೊಂದು ವಿಷಯ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತದೆ. ಶಿವಮೊಗ್ಗ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ಇಲ್ಲಿ ಸೂರ್ಯ ನಡುನೆತ್ತಿಯ ಗೆರೆ ದಾಟುವುದು 12 ಗಂಟೆಗಲ್ಲ, ಸರಾಸರಿ 12.28ಕ್ಕೆ. ನವೆಂಬರ್ ಮೊದಲ ವಾರ 12.12ರ ಹೊತ್ತಿಗೆ, ಫೆಬ್ರವರಿ ನಡುವಿನಲ್ಲಿ 12.42ರ ಹೊತ್ತಿಗೆ. ರೇಖಾಂಶ ಸರಿಯಾಗಿ ಕೊಟ್ಟರೆ ಸಾಫ್ಟ್‌ವೇರ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಕೈಯಿಂದ ಸೂರ್ಯನನ್ನು ಎಳೆದು ಕೂರಿಸುವವರು ಮಾತ್ರ ಎಡವುತ್ತಾರೆ.

ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತಾರೆ. ನಿಜವಾ?

ದೆಹಲಿಯ ಪುಸ್ತಕ, ಯುರೋಪಿನ ಪುಸ್ತಕ ಓದಿದವರು ಹಾಗೆ ಹೇಳುತ್ತಾರೆ. ನಮ್ಮ ಅಕ್ಷಾಂಶಕ್ಕೆ ಅದು ಪೂರ್ತಿ ಹೊಂದುವುದಿಲ್ಲ.

ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುಭಾಗದಲ್ಲಿ ಶಿವಮೊಗ್ಗದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ಜೂನ್ 21ರಂದು ಉತ್ತರಕ್ಕೆ ವಾಲಿ ಸುಮಾರು 80 ಡಿಗ್ರಿ ಎತ್ತರ. ಅವತ್ತು ಸೂರ್ಯ ಹುಟ್ಟುವುದೇ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ ಸರಿದು. ಡಿಸೆಂಬರ್ 21ಕ್ಕೆ ಲೆಕ್ಕ ಉಲ್ಟಾ. ದಕ್ಷಿಣದಲ್ಲಿ ಸುಮಾರು 52 ಡಿಗ್ರಿ ಎತ್ತರ.

ಹಾಗಾದರೆ ಉತ್ತರದ ಕಿಟಕಿಯ ಬಿಸಿಲು ನಮಗೆ ತೊಂದರೆ ಕೊಡುತ್ತದಾ? ಮೇ ತಿಂಗಳ ಬೆಳಿಗ್ಗೆ, ಸಂಜೆ ಸ್ವಲ್ಪ. ಜೂನ್, ಜುಲೈನಲ್ಲಿ ಮೋಡ ಇರುವುದರಿಂದ ಹೆಚ್ಚಿನ ದಿನ ಬಿಸಿಲೇ ಕಾಣುವುದಿಲ್ಲ. ಸೂರ್ಯನ ಲೆಕ್ಕ ಒಂದೇ ಇಟ್ಟುಕೊಂಡರೆ ಒಂದು ಉತ್ತರ ಬರುತ್ತದೆ, ಹವಾಮಾನ ಫೈಲ್ ಸೇರಿಸಿದರೆ ಇನ್ನೊಂದು ಬರುತ್ತದೆ. ಎರಡೂ ಬೇಕು.

ನಕ್ಷೆಯಲ್ಲಿರುವ ಉತ್ತರದ ಬಾಣ ನಂಬಬಹುದಾ?

ಸುಮ್ನೆ ನಂಬಬೇಡಿ. ಸೈಟ್ ನಕ್ಷೆಯಲ್ಲಿ ರಸ್ತೆಗೆ ನೇರವಾಗಿ ಬಾಣ ಎಳೆದಿರುವುದು ತುಂಬ ಸಾಮಾನ್ಯ. ಉಪಗ್ರಹ ಚಿತ್ರದ ಮೇಲೆ ಸೈಟಿನ ಗಡಿ ಇಟ್ಟು ನೋಡಿ. ದಿಕ್ಸೂಚಿ ಹಿಡಿದರೂ ಆಗುತ್ತದೆ. ನಮ್ಮ ಭಾಗದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ತೀರಾ ಕಡಿಮೆ. ಕಬ್ಬಿಣದ ಗೇಟು, ಕಾರಿನ ಹತ್ತಿರ ನಿಂತು ನೋಡಬೇಡಿ ಅಷ್ಟೇ.

ಹವಾಮಾನ ಫೈಲ್ ಎಲ್ಲಿ ಸಿಗುತ್ತದೆ? ಅದರಲ್ಲಿ ಏನಿರುತ್ತದೆ?

ಹೆಚ್ಚು ಬಳಕೆಯಲ್ಲಿರುವುದು ಇಪಿಡಬ್ಲ್ಯೂ ಎಂಬ ಬಗೆ. ಅದು ಬರೀ ಅಕ್ಷರದ ಫೈಲ್, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಮೇಲೆ 8 ಸಾಲು ತಲೆಬರಹ, ಕೆಳಗೆ ವರ್ಷದ 8,760 ಗಂಟೆಗಳಿಗೆ ಒಂದೊಂದು ಸಾಲು. ಬೆಳಕಿನ ಕೆಲಸಕ್ಕೆ ಎರಡು ಅಂಕಣ ಮುಖ್ಯ. ಸೂರ್ಯನಿಂದ ನೇರವಾಗಿ ಬಂದ ಕಿರಣದ ಶಕ್ತಿ ಒಂದು, ಆಕಾಶದಿಂದ ಚದುರಿ ಬಂದದ್ದು ಇನ್ನೊಂದು. ಎರಡೂ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಇರುತ್ತವೆ. ಚದುರಿದ ಬೆಳಕನ್ನು ಲಕ್ಸ್‌ಗೆ ತರಲು 110ರಿಂದ 120ರ ನಡುವಿನ ಅಂಕಿಯಿಂದ ಗುಣಿಸಿ. 100 ವ್ಯಾಟ್ ಅಂತಿದ್ದರೆ ಹೊರಗೆ 11 ರಿಂದ 12 ಸಾವಿರ ಲಕ್ಸ್ ಎಂದು ಅಂದಾಜು ಸಿಗುತ್ತದೆ.

ಇದರಲ್ಲಿರುವುದು ಯಾವುದೋ ಒಂದು ವರ್ಷದ ದಾಖಲೆಯಲ್ಲ. ಹಲವು ವರ್ಷಗಳಿಂದ ಸಾಮಾನ್ಯವೆನಿಸುವ ತಿಂಗಳುಗಳನ್ನು ಆರಿಸಿ ಒಂದು ವರ್ಷ ಕಟ್ಟಿರುತ್ತಾರೆ. ಹಾಗಾಗಿ ‘ಜುಲೈ 14ರಂದು ಬಿಸಿಲಿತ್ತು’ ಎಂದು ಫೈಲ್ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಇಡೀ ಜುಲೈ ನೋಡಿ.

ಭಾರತದ ಹಲವು ಊರುಗಳ ಫೈಲ್ ಎನರ್ಜಿಪ್ಲಸ್ ಮತ್ತು ಕ್ಲೈಮೇಟ್ ಒನ್‌ಬಿಲ್ಡಿಂಗ್ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಹಳ್ಳಿಯದ್ದೇ ಬೇಕು ಎಂದರೆ ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್ ಎಂಬ ಉಚಿತ ಸಾಧನ ಇದೆ. ಅದು ಸೋಲಾರ್‌ಗಾಗಿ ಮಾಡಿದ್ದು. ನಕ್ಷೆಯಲ್ಲಿ ಜಾಗ ಒತ್ತಿದರೆ ಆ ಜಾಗದ ವರ್ಷದ ಫೈಲನ್ನು ಇಪಿಡಬ್ಲ್ಯೂ ರೂಪದಲ್ಲೇ ಕೊಡುತ್ತದೆ.

ಶಿವಮೊಗ್ಗದ ಫೈಲ್ ಹಾಕಿ ಆಗುಂಬೆಯ ಮನೆ ಮಾಡಬಹುದಾ?

ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಇಲ್ಲ. ಸೂರ್ಯನ ದಾರಿ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಆಕಾಶ ಒಂದೇ ಅಲ್ಲ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಬರುತ್ತಾ ಬರುತ್ತಾ ಮೋಡ ತೆಳುವಾಗುತ್ತದೆ. ಮಂಗಳೂರಿನ ಫೈಲ್ ಕರಾವಳಿಯದ್ದು, ಬೆಂಗಳೂರಿನದ್ದು ಬಯಲುಸೀಮೆಯ ಎತ್ತರದ್ದು. ನಡುವಿನ ಮಲೆನಾಡಿಗೆ ಎರಡೂ ಸರಿ ಹೊಂದುವುದಿಲ್ಲ. ಪಿವಿಜಿಐಎಸ್ ಕೊಡುವಂಥ ಉಪಗ್ರಹದ ಅಂಕಿಗಳೂ ಕೆಲವು ಕಿಲೋಮೀಟರ್ ಅಗಲದ ಚೌಕಕ್ಕೆ ಒಂದೇ ಬೆಲೆ ಕೊಡುತ್ತವೆ. ಕಣಿವೆಯ ಮಂಜು ಅದರಲ್ಲಿ ಕಾಣದೆ ಹೋಗಬಹುದು. ಆದರೂ ದೂರದ ಊರಿನ ಫೈಲಿಗಿಂತ ಅದು ಎಷ್ಟೋ ವಾಸಿ.

ಮೋಡದ ಆಕಾಶವನ್ನು ರೆಂಡರ್‌ನಲ್ಲಿ ಹೇಗೆ ತರುವುದು?

ನಮ್ಮ ಕಡೆಯವರು ಕೇಳಲೇಬೇಕಾದ ಪ್ರಶ್ನೆ ಇದು. ಯಾಕೆಂದರೆ ಸಾಫ್ಟ್‌ವೇರುಗಳ ಜತೆ ಬರುವ ಆಕಾಶ ಹೆಚ್ಚಾಗಿ ಮೋಡವಿಲ್ಲದ ಆಕಾಶ. 1999ರ ಪ್ರೀತಮ್ ಮಾದರಿ, 2012ರ ಹೊಸೆಕ್–ವಿಲ್ಕಿ ಮಾದರಿ ಎರಡೂ ತಿಳಿ ಆಕಾಶದವು. ಅವುಗಳಲ್ಲಿ ‘ಟರ್ಬಿಡಿಟಿ’ ಎಂಬ ಗುಂಡಿ ಇರುತ್ತದೆ. ಅದನ್ನು ಏರಿಸಿದರೆ ದೂಳು, ಮಸುಕು ಜಾಸ್ತಿಯಾಗುತ್ತದೆ. ಮಳೆಮೋಡ ಬರುವುದಿಲ್ಲ. ಅದನ್ನು ಪೂರ್ತಿ ತಿರುಗಿಸಿ ‘ಮಾನ್ಸೂನ್’ ಎಂದು ಹೆಸರಿಟ್ಟ ಫೈಲುಗಳನ್ನು ಹಂಚುವವರಿದ್ದಾರೆ. ದಯವಿಟ್ಟು ಬಳಸಬೇಡಿ.

ಪೂರ್ತಿ ಮೋಡ ಕವಿದ ಆಕಾಶಕ್ಕೆ ಬೇರೆಯೇ ಮಾದರಿ ಇದೆ. ಅಂತರರಾಷ್ಟ್ರೀಯ ಬೆಳಕಿನ ಆಯೋಗವಾದ ಸಿಐಇಯ ‘ಓವರ್‌ಕಾಸ್ಟ್’ ಆಕಾಶ. ಅದರ ಮುಖ್ಯ ಗುಣ ಒಂದೇ: ನೆತ್ತಿಯ ಮೇಲಿನ ಆಕಾಶ ದಿಗಂತದ ಆಕಾಶಕ್ಕಿಂತ ಮೂರು ಪಟ್ಟು ಹೊಳಪು. ಸುತ್ತಲೂ ಎಲ್ಲ ದಿಕ್ಕೂ ಒಂದೇ. ಸೂರ್ಯ ಎಲ್ಲಿದ್ದಾನೆ ಎಂದು ತಿಳಿಯುವುದೇ ಇಲ್ಲ.

ಇದರಿಂದ ಮನೆಗೆ ಏನಾಗುತ್ತದೆ ನೋಡಿ. ಮುಂದೆ ಏನೂ ಅಡ್ಡವಿಲ್ಲದ ನಿಂತ ಕಿಟಕಿಗೆ ಬಯಲಲ್ಲಿ ಬೀಳುವ ಬೆಳಕಿನಲ್ಲಿ ನೂರಕ್ಕೆ ಸುಮಾರು 40 ಭಾಗ ಮಾತ್ರ ಆಕಾಶದಿಂದ ಸಿಗುತ್ತದೆ. ಈಗ ಮಳೆ ಹೊಡೆಯದಂತೆ ಸೂರು ಇಳಿಬಿಟ್ಟಿರಿ. ಆ ಸೂರು ಅಡ್ಡ ಬರುವುದು ಆಕಾಶದ ಮೇಲಿನ ಭಾಗಕ್ಕೆ, ಅಂದರೆ ಹೆಚ್ಚು ಬೆಳಗುವ ಭಾಗಕ್ಕೆ. ಉಳಿದದ್ದು ದಿಗಂತದ ಮಂಕು ಪಟ್ಟಿ. ಅದರ ಮುಂದೆ ಗುಡ್ಡ ಅಥವಾ ತೋಟ. ಬಿಸಿಲಿನ ರೆಂಡರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಯಾಕೆಂದರೆ ಅಂಗಳಕ್ಕೆ ಬಿದ್ದ ಬಿಸಿಲು ಪುಟಿದು ಸೂರಿನ ಕೆಳಗೆ ನುಗ್ಗಿ ಒಳಗೆಲ್ಲ ಬೆಳಕು ತುಂಬುತ್ತದೆ. ಮೋಡದ ದಿನ ಪುಟಿಯಲು ಬಿಸಿಲೇ ಇರುವುದಿಲ್ಲ.

ಹಳೆಯ ತೊಟ್ಟಿ ಮನೆಗಳ ನಡುವಿನ ಅಂಗಳ ಮಳೆಗಾಲದಲ್ಲೂ ಕೆಲಸ ಮಾಡುವುದು ಇದಕ್ಕೇ. ಅದು ನೇರ ನೆತ್ತಿಯ ಆಕಾಶಕ್ಕೆ ತೆರೆದಿದೆ. ಕಟ್ಟಿದವರು ಲಕ್ಸ್ ಅಳೆದಿರಲಿಲ್ಲ, ಆದರೆ ಅವರ ಮನೆಯನ್ನು ಓವರ್‌ಕಾಸ್ಟ್ ಆಕಾಶದಲ್ಲಿ ರೆಂಡರ್ ಮಾಡಿ ನೋಡಿ. ಅವರ ಲೆಕ್ಕ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ.

ಮಾಡುವುದು ಹೇಗೆ? ವಿ–ರೇ ಎಂಬ ರೆಂಡರಿಂಗ್ ಸಾಫ್ಟ್‌ವೇರಿನಲ್ಲಿ ಆಕಾಶದ ಮಾದರಿಯ ಪಟ್ಟಿಯಲ್ಲೇ ಸಿಐಇ ಓವರ್‌ಕಾಸ್ಟ್ ಇದೆ. ನೆಲಕ್ಕೆ ಎಷ್ಟು ಲಕ್ಸ್ ಬೀಳಬೇಕು ಎಂದು ಅಂಕಿಯನ್ನೂ ಕೊಡಬಹುದು. ಬೆಳಕಿನ ಲೆಕ್ಕ ಮಾಡುವ ರೇಡಿಯನ್ಸ್ ಸಾಫ್ಟ್‌ವೇರಿನಲ್ಲಿ ಆಕಾಶ ಕಟ್ಟುವ ‘ಜೆನ್‌ಸ್ಕೈ’ ಎಂಬ ಆಜ್ಞೆಗೆ ಮೋಡದ ಆಯ್ಕೆ ಕೊಟ್ಟರಾಯಿತು. ಅರೆಮೋಡದ ದಿನಕ್ಕೆ ‘ಜೆನ್‌ಡೇಲಿಟ್’ ಇದೆ. ಹವಾಮಾನ ಫೈಲಿನ ಎರಡು ಅಂಕಿ ಕೊಟ್ಟರೆ ಅದು ಪೆರೆಜ್ ಮಾದರಿಯಲ್ಲಿ ಆಕಾಶ ಕಟ್ಟುತ್ತದೆ. ಬ್ಲೆಂಡರ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಸೂರ್ಯನನ್ನು ತೆಗೆದು, ದಿಗಂತದಲ್ಲಿ 1 ಇದ್ದರೆ ನೆತ್ತಿಯಲ್ಲಿ 3 ಬರುವಂತೆ ಬೂದು ಬಣ್ಣದ ಆಕಾಶವನ್ನು ನೀವೇ ಮಾಡಿಕೊಳ್ಳಬೇಕು. ಎತ್ತರದ ಕೋನದ ಸೈನ್ ಬೆಲೆಯನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ ಆ ಏರಿಕೆ ಸರಿಯಾಗಿ ಬರುತ್ತದೆ.

ಗುಡ್ಡ, ಅಡಿಕೆ ತೋಟ ಇವನ್ನೆಲ್ಲ ಮಾಡೆಲ್ ಮಾಡಬೇಕಾ?

ಮಾಡಬೇಕು, ಆದರೆ ಚಂದಕ್ಕಲ್ಲ. ಅವು ಬೆಳಕಿಗೆ ಅಡ್ಡ ಬರುತ್ತವೆ, ಅದಕ್ಕೆ.

ಮನೆಯ ಪಶ್ಚಿಮಕ್ಕೆ 500 ಮೀಟರ್ ದೂರದಲ್ಲಿ 200 ಮೀಟರ್ ಎತ್ತರದ ಗುಡ್ಡ ಇದೆ ಎಂದುಕೊಳ್ಳಿ. ಅದು ದಿಗಂತದಿಂದ ಸುಮಾರು 22 ಡಿಗ್ರಿ ಮೇಲೆದ್ದಿರುತ್ತದೆ. ನಮ್ಮಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಇಳಿಯುತ್ತಾನೆ, ಗಂಟೆಗೆ ಸುಮಾರು 15 ಡಿಗ್ರಿ. ಅಂದರೆ ಆ ಮನೆಗೆ ಪಂಚಾಂಗದ ಸೂರ್ಯಾಸ್ತಕ್ಕಿಂತ ಒಂದೂವರೆ ಗಂಟೆ ಮೊದಲೇ ಬಿಸಿಲು ಹೋಗುತ್ತದೆ. ಹವಾಮಾನ ಫೈಲಿಗೆ ಇದು ತಿಳಿಯದು. ಇಸ್ರೋದ ಭುವನ್ ತಾಣದಲ್ಲಿ ನೆಲದ ಎತ್ತರದ ಡೇಟಾ ಸಿಗುತ್ತದೆ, ಅಮೆರಿಕದ ಎಸ್‌ಆರ್‌ಟಿಎಂ ಡೇಟಾವೂ ಉಚಿತ. 30 ಮೀಟರಿಗೊಂದು ಬಿಂದು ಇದ್ದರೆ ಗುಡ್ಡದ ಅಂಚಿಗೆ ಬೇಕಾದಷ್ಟಾಯಿತು.

ತೋಟದ ವಿಷಯದಲ್ಲಿ ಎಲೆ ಎಲೆ ಬೇಕಿಲ್ಲ. ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ 9 ಅಡಿ ಅಂತರ. ಆ ಅಂತರದಲ್ಲಿ ಮರ ನಿಲ್ಲಿಸಿ, ತಲೆಯ ಗರಿಗಳನ್ನು ಸರಳ ಮಾಡಿ. ಬೆಳಕು ಎಷ್ಟು ಸೋರುತ್ತದೆ ಎನ್ನುವುದು ಹೆಚ್ಚುಕಮ್ಮಿ ಬರುತ್ತದೆ. ಆಮೇಲೆ ಮಳೆಗಾಲದ ರೆಂಡರ್‌ಗೆ ಮಳೆಗಾಲದ ಮನೆಯನ್ನೇ ಮಾಡೆಲ್ ಮಾಡಿ. ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವವರು ಇದ್ದಾರೆ, ಪ್ಲಾಸ್ಟಿಕ್ ಶೀಟು ಇಳಿಬಿಡುವವರು ಇದ್ದಾರೆ. ಅದಿಲ್ಲದೆ ಜುಲೈ ಲೆಕ್ಕ ಪೂರ್ತಿಯಾಗುವುದಿಲ್ಲ.

ಎಚ್‌ಡಿಆರ್‌ಐ ಹಾಕಿದರೆ ಎಲ್ಲ ಸರಿಯಾಗುತ್ತದೆ ಅಲ್ವಾ?

ಚಿತ್ರ ಜೀವಂತವಾಗುತ್ತದೆ. ಅಂಕಿ ಸರಿಯಾಗುತ್ತದೆ ಎಂದೇನಿಲ್ಲ.

ಪಾಲಿ ಹೇವನ್ ಥರದ ತಾಣಗಳಲ್ಲಿ ಒಳ್ಳೆಯ ಫೈಲುಗಳು ಉಚಿತವಾಗಿ ಸಿಗುತ್ತವೆ. ಆದರೆ ಅವು ಹೆಚ್ಚಾಗಿ ಬೇರೆ ಅಕ್ಷಾಂಶದ ಆಕಾಶಗಳು. 50 ಡಿಗ್ರಿ ಉತ್ತರದಲ್ಲಿ ತೆಗೆದ ಫೋಟೊದಲ್ಲಿ ಸೂರ್ಯ ನಮ್ಮ ಬೇಸಿಗೆಯ ಮಧ್ಯಾಹ್ನದ ಎತ್ತರಕ್ಕೆ ಎಂದೂ ಬರುವುದಿಲ್ಲ. ಫೋಟೊವನ್ನು ಸುತ್ತ ತಿರುಗಿಸಿ ದಿಕ್ಕು ಬದಲಿಸಬಹುದು. ಎತ್ತರ ಬದಲಿಸಲು ಹೋದರೆ ದಿಗಂತವೇ ಓರೆಯಾಗುತ್ತದೆ. ಇನ್ನೊಂದು ತೊಂದರೆ, ಸೂರ್ಯನ ಬಿಂಬ ಸುತ್ತಲಿನ ಆಕಾಶಕ್ಕಿಂತ ಲಕ್ಷಗಟ್ಟಲೆ ಪಟ್ಟು ಹೊಳಪು. ಕ್ಯಾಮೆರಾ ಅದನ್ನು ಪೂರ್ತಿ ಹಿಡಿಯದಿದ್ದರೆ ನೆರಳು ಸಪ್ಪೆಯಾಗಿ ಬೀಳುತ್ತದೆ.

ಮಲೆನಾಡಿಗೆ ಒಂದು ಅನುಕೂಲ ಇದೆ. ಮೋಡದ ದಿನ ಸೂರ್ಯನ ಬಿಂಬದ ತಲೆನೋವೇ ಇಲ್ಲ. ಸಾಧಾರಣ ಕ್ಯಾಮೆರಾ, ಟ್ರೈಪಾಡ್ ಇದ್ದರೆ ನಿಮ್ಮ ಸೈಟಿನದ್ದೇ ಆಕಾಶ ತೆಗೆಯಬಹುದು. ಒಂದೇ ದೃಶ್ಯವನ್ನು ಬೇರೆ ಬೇರೆ ಶಟರ್ ವೇಗದಲ್ಲಿ ತೆಗೆದು ಸೇರಿಸುವುದು. ಅದೇ ಹೊತ್ತಿಗೆ ಲಕ್ಸ್ ಮೀಟರನ್ನು ಬಯಲಲ್ಲಿ ಮೇಲ್ಮುಖವಾಗಿ ಇಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ಸಾಫ್ಟ್‌ವೇರಿನಲ್ಲಿ ಬಯಲ ನೆಲಕ್ಕೆ ಅಷ್ಟೇ ಲಕ್ಸ್ ಬೀಳುವವರೆಗೆ ಎಚ್‌ಡಿಆರ್‌ಐ ಬಲ ಹೊಂದಿಸಿ. ಆಗ ಅದು ಬರೀ ಫೋಟೊ ಅಲ್ಲ, ಡೇಟಾ.

ಐಇಎಸ್ ಫೈಲ್ ಒಳಗೆ ಏನಿದೆ?

ಒಮ್ಮೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಹೆದರುವಂಥದ್ದು ಏನೂ ಇಲ್ಲ. ಅಮೆರಿಕದ ಇಲ್ಯುಮಿನೇಟಿಂಗ್ ಎಂಜಿನಿಯರಿಂಗ್ ಸೊಸೈಟಿ 1986ರಲ್ಲಿ ಎಲ್‌ಎಂ–63 ಎಂದು ಈ ಬಗೆಯನ್ನು ಗೊತ್ತು ಮಾಡಿತು. ಯುರೋಪಿನ ಕಂಪನಿಗಳು ಕೊಡುವ ಎಲ್‌ಡಿಟಿ ಫೈಲೂ ಇಂಥದ್ದೇ ಕೆಲಸ ಮಾಡುತ್ತದೆ.

ಮೇಲೆ ತಯಾರಕರ ಹೆಸರು, ಮಾದರಿಯ ಸಂಖ್ಯೆ. ‘ಟಿಲ್ಟ್’ ಎಂಬ ಸಾಲು ಆದಮೇಲೆ ಹತ್ತು ಅಂಕಿಗಳ ಒಂದು ಸಾಲು ಬರುತ್ತದೆ. ಮೊದಲನೆಯದು ದೀಪಗಳ ಸಂಖ್ಯೆ, ಎರಡನೆಯದು ಒಂದು ದೀಪದ ಲ್ಯೂಮೆನ್, ಅಂದರೆ ಅದು ಕೊಡುವ ಒಟ್ಟು ಬೆಳಕು. ಅಲ್ಲಿ ಮೈನಸ್ 1 ಎಂದಿದ್ದರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎಲ್‌ಇಡಿಗಳಲ್ಲಿ ದೀಪ ಮತ್ತು ಅದರ ಹೊರಕವಚ ಸೇರಿಸಿ ಒಟ್ಟಿಗೆ ಅಳೆದಿದ್ದಾರೆ ಎಂದು ಅದರರ್ಥ. ಮೂರನೆಯದು ಗುಣಕ. ಮುಂದೆ ಎಷ್ಟು ಕೋನಗಳಲ್ಲಿ ಅಳೆದಿದ್ದಾರೆ, ಅಳತೆ ಅಡಿಯಲ್ಲೋ ಮೀಟರಿನಲ್ಲೋ, ದೀಪದ ಅಗಲ ಉದ್ದ ಎತ್ತರ. ಆಮೇಲೆ ಕೋನಗಳ ಪಟ್ಟಿ, ಕೊನೆಗೆ ಆ ಒಂದೊಂದು ಕೋನಕ್ಕೂ ಕ್ಯಾಂಡೆಲಾ, ಅಂದರೆ ಆ ದಿಕ್ಕಿಗೆ ಹೊರಡುವ ಬೆಳಕಿನ ಬಲ. 0 ಡಿಗ್ರಿ ಎಂದರೆ ನೇರ ಕೆಳಗೆ, 90 ಅಡ್ಡಕ್ಕೆ, 180 ನೇರ ಮೇಲೆ. ಗೋಡೆಯ ಮೇಲೆ ಬೀಳುವ ಆ ಬಳುಕುವ ಬೆಳಕಿನ ಆಕಾರ ಬರುವುದು ಈ ಅಂಕಿಗಳಿಂದ.

ತಪ್ಪಾಗುವುದು ಎರಡು ಕಡೆ. ಐಇಎಸ್‌ನಲ್ಲಿ ಶೇಡಿನ ಪ್ರಭಾವ ಆಗಲೇ ಸೇರಿದೆ. ನೀವು ಮತ್ತೆ ಶೇಡನ್ನು ಮಾಡೆಲ್ ಮಾಡಿ ಅದರ ಒಳಗೆ ಐಇಎಸ್ ದೀಪ ಇಟ್ಟರೆ ಒಂದೇ ಶೇಡು ಎರಡು ಸಲ ಬೆಳಕು ತಡೆಯುತ್ತದೆ. ದೀಪವನ್ನು ಶೇಡಿನ ಬಾಯಿಯಿಂದ ಸ್ವಲ್ಪ ಹೊರಗಿಡಿ. ಎರಡನೆಯದು ದೂರ. ಈ ಅಳತೆ ದೀಪವನ್ನು ಒಂದು ಬಿಂದು ಎಂದು ಎಣಿಸುತ್ತದೆ. ದೀಪದ ಉದ್ದದ ಐದು ಪಟ್ಟು ದೂರದಿಂದಾಚೆ ಅದು ನಂಬಿಕೆಗೆ ಅರ್ಹ. 4 ಅಡಿ ಟ್ಯೂಬ್‌ಲೈಟಿಗೆ ಅದು 20 ಅಡಿ. ನಮ್ಮ ಯಾವ ಬೆಡ್‌ರೂಮೂ ಅಷ್ಟಿಲ್ಲ. ಹಾಗಾಗಿ ಗೋಡೆಗೆ ಅಂಟಿದ ಟ್ಯೂಬಿಗೆ ಅದೇ ಉದ್ದದ ಏರಿಯಾ ಲೈಟ್ ಹಾಕಿ, ಲ್ಯೂಮೆನ್ ಮಾತ್ರ ಪೆಟ್ಟಿಗೆಯಿಂದ ತೆಗೆದುಕೊಳ್ಳಿ.

ಇಲ್ಲಿನ ಅಂಗಡಿಯ ಬಲ್ಬಿಗೆ ಐಇಎಸ್ ಫೈಲ್ ಇಲ್ಲ. ಏನು ಮಾಡಲಿ?

ಸಾದಾ ಬಲ್ಬಿಗೆ ಬೇಕಾಗಿಯೂ ಇಲ್ಲ. ಪೆಟ್ಟಿಗೆಯ ಮೇಲೆ ಲ್ಯೂಮೆನ್, ಕೆಲ್ವಿನ್ (ಬೆಳಕಿನ ಬಣ್ಣದ ಅಂಕಿ) ಬರೆದಿರುತ್ತಾರೆ. ಅವೆರಡು ಸಾಕು. ಡೌನ್‌ಲೈಟ್, ಸ್ಪಾಟ್, ಅಂಗಳದ ಫ್ಲಡ್‌ಲೈಟ್‌ಗೆ ಮಾತ್ರ ಫೈಲ್ ಕೇಳಿ. ದೊಡ್ಡ ಕಂಪನಿಗಳು ತಮ್ಮ ತಾಣದಲ್ಲೇ ಇಟ್ಟಿರುತ್ತವೆ. ಇಲ್ಲದಿದ್ದರೆ ಎಲ್‌ಇಡಿಯ ಬೆಳಕು ಅಳೆಯುವ ಎಲ್‌ಎಂ–79 ಪರೀಕ್ಷೆಯ ವರದಿ ಕೊಡಿ ಎಂದು ಡೀಲರ್ ಮೂಲಕ ಕೇಳಿ. ಹೊರಗಿನ ದೀಪಗಳಿಗೆ ಅಂಕಿಯನ್ನು ಸುಮಾರು ನೂರಕ್ಕೆ 80ಕ್ಕೆ ಇಳಿಸಿ ಬಳಸಿ. ಮಳೆಹುಳ, ತೇವ, ಪಾಚಿ ಗಾಜಿನ ಮೇಲೆ ಕೂರುವುದು ಖಂಡಿತ.

ಬ್ಲೆಂಡರ್‌ನಲ್ಲಿ 9 ವ್ಯಾಟ್ ಹಾಕಿದರೆ 9 ವ್ಯಾಟ್ ಎಲ್‌ಇಡಿ ಆಗುತ್ತದಾ?

ಇಲ್ಲ. ಬ್ಲೆಂಡರಿನ ವ್ಯಾಟ್ ಕರೆಂಟಿನ ವ್ಯಾಟ್ ಅಲ್ಲ, ಬೆಳಕಾಗಿ ಹೊರಬೀಳುವ ಶಕ್ತಿ. 800 ಲ್ಯೂಮೆನ್ ಬಲ್ಬಿಗೆ ಅಲ್ಲಿ ಸುಮಾರು 2 ವ್ಯಾಟ್ ಸಾಕು. ಅಷ್ಟು ಹಾಕಿದರೆ ಕೋಣೆ ಕತ್ತಲಾಗಿ ಕಾಣುತ್ತದೆ, ಯಾಕೆಂದರೆ ಎಕ್ಸ್‌ಪೋಶರ್ (ಕ್ಯಾಮೆರಾ ಎಷ್ಟು ಬೆಳಕು ಹಿಡಿಯಬೇಕು ಎಂಬ ಹೊಂದಿಕೆ) ಇನ್ನೂ ಸರಿಮಾಡಿಲ್ಲ. ಆಗ ದೀಪ ಏರಿಸಬೇಡಿ, ಎಕ್ಸ್‌ಪೋಶರ್ ಏರಿಸಿ. ಇನ್ನೊಂದು, ಬ್ಲೆಂಡರಿನಲ್ಲಿ ಐಇಎಸ್ ನೋಡ್ ಕೆಲಸ ಮಾಡುವುದು ಅದರ ಎರಡು ರೆಂಡರ್ ಎಂಜಿನ್‌ಗಳ ಪೈಕಿ ಸೈಕಲ್ಸ್‌ನಲ್ಲಿ, ಈವಿಯಲ್ಲಿ ಅಲ್ಲ.

ಎಲ್ಲ ಸರಿ ಹಾಕಿದರೂ ದೀಪ ಮಂಕು. ಯಾಕೆ?

ಮೊದಲು ಅಳತೆಯ ಮಾನ ನೋಡಿ. ನಮ್ಮಲ್ಲಿ ನಕ್ಷೆ ಅಡಿ, ಇಂಚಿನಲ್ಲಿ. ಇಂಪೋರ್ಟ್ ಮಾಡುವಾಗ 10 ಅಡಿ ಕೋಣೆ 10 ಮೀಟರ್ ಆಗಿಬಿಟ್ಟರೆ ಬೆಳಕು ಹತ್ತು ಪಟ್ಟಿಗಿಂತ ಜಾಸ್ತಿ ಕಡಿಮೆಯಾಗುತ್ತದೆ. ಬಾಗಿಲಿನ ಎತ್ತರ ಅಳೆದು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಕಾವಿ ನೆಲ, ಜಂಬಿಟ್ಟಿಗೆ ಗೋಡೆ, ಮರದ ಮುಚ್ಚಿಗೆಗೆ ಯಾವ ಬೆಲೆ ಕೊಡಬೇಕು?

ಹೊಸ ಬಿಳಿ ಬಣ್ಣದ ಗೋಡೆ ನೂರಕ್ಕೆ 80ರವರೆಗೆ ಬೆಳಕು ವಾಪಸ್ ಕೊಡುತ್ತದೆ. ಕಾವಿ ನೆಲ, ಹಳೆಯ ಮರ 10ರಿಂದ 20ರ ಆಸುಪಾಸು. ಜಂಬಿಟ್ಟಿಗೆ ಅದಕ್ಕಿಂತ ಸ್ವಲ್ಪ ಮೇಲೆ, ಮಳೆಗೆ ನೆನೆದರೆ ಮತ್ತೆ ಕೆಳಗೆ. ಅಂದರೆ ಹಳೆಯ ಮಲೆನಾಡ ಮನೆಯ ಒಳಗೆ ಗೋಡೆ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಬೆಳಕು ಕುಡಿಯುತ್ತದೆ.

ಪರದೆಯ ಬಣ್ಣದ ಅಂಕಿಗೂ ಈ ಪಾಲಿಗೂ ನೇರ ಸಂಬಂಧ ಇಲ್ಲ. 255ರಲ್ಲಿ 188 ಎಂದರೆ ಅರ್ಧ ಬೆಳಕು, 118 ಎಂದರೆ ನೂರಕ್ಕೆ 18 ಮಾತ್ರ. ಗೋಡೆಗೆ 255 ಕೊಟ್ಟರೆ ಅಂಥ ಸುಣ್ಣ ಲೋಕದಲ್ಲಿಲ್ಲ. ಬೆಳಕು ಒಳಗೆ ಪುಟಿಯುತ್ತಲೇ ಇರುತ್ತದೆ, ಕೋಣೆ ಇರುವುದಕ್ಕಿಂತ ಬೆಳ್ಳಗಾಗುತ್ತದೆ. ಕಿಟಕಿಯ ಸಾದಾ ಗಾಜು ಸುಮಾರು 88 ಭಾಗ ಬೆಳಕು ಬಿಡುತ್ತದೆ. ರೇಡಿಯನ್ಸ್ ಬಳಸುವವರು ಅದನ್ನೇ 0.96 ಎಂದು ಬರೆಯಬೇಕು, ಅದರ ಲೆಕ್ಕದ ಕ್ರಮ ಬೇರೆ. ಗ್ರಿಲ್ಲು, ಸೊಳ್ಳೆ ಜಾಲರಿ ಮರೆಯಬೇಡಿ.

ಗಾಜಿನ ಹೆಂಚು ಹಾಕಿದರೆ ಎಷ್ಟು ಪ್ರಯೋಜನ?

ತುಂಬ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಕೂರುತ್ತವೆ. ಒಂದು ಗಾಜಿನ ಹೆಂಚಿನಿಂದ ತೆರೆಯುವ ಜಾಗ ಸುಮಾರು 0.067 ಚದರ ಮೀಟರ್. ಮೋಡದ ದಿನ ಹೊರಗೆ 10,000 ಲಕ್ಸ್ ಇದೆ ಎನ್ನಿ. ಅದರ ಮೇಲೆ ಸುಮಾರು 670 ಲ್ಯೂಮೆನ್ ಬೀಳುತ್ತದೆ. ಪಾಚಿ, ದೂಳು, ಹೊಗೆ ಕಳೆದು ನೂರಕ್ಕೆ 60 ಒಳಗೆ ಬಂದರೂ 400 ಲ್ಯೂಮೆನ್. ಸಣ್ಣ ಎಲ್‌ಇಡಿ ಬಲ್ಬು ಕೊಡುವಷ್ಟು. ಅದು ನೆತ್ತಿಯ ಆಕಾಶದ ಬೆಳಕು ಬೇರೆ, ನೇರ ಒಲೆಯ ಮೇಲೆ, ಒರಳಿನ ಮೇಲೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಅದೇ ಹೆಂಚಿನಿಂದ ಹತ್ತು ಪಟ್ಟು ಬೆಳಕು, ಜತೆಗೆ ಬಿಸಿ. ಹಾಗಾಗಿ ಎಷ್ಟು ಹೆಂಚು ಎಂಬ ತೀರ್ಮಾನಕ್ಕೆ ಜುಲೈ ಮತ್ತು ಏಪ್ರಿಲ್ ಎರಡನ್ನೂ ರೆಂಡರ್ ಮಾಡಿ ನೋಡಲೇಬೇಕು.

ಆಟೋ ಎಕ್ಸ್‌ಪೋಶರ್ ಇಡಬಹುದಾ?

ಹೋಲಿಸಿ ನೋಡುವ ಚಿತ್ರಗಳಿಗೆ ಬೇಡವೇ ಬೇಡ. ಆಟೋ ಇದ್ದರೆ ಮಂಕು ಕೋಣೆಯನ್ನೂ ಅದು ಎತ್ತಿ ತೋರಿಸುತ್ತದೆ. ದೊಡ್ಡ ಕಿಟಕಿ, ಸಣ್ಣ ಕಿಟಕಿ ಎರಡೂ ಒಂದೇ ಥರ ಕಾಣುತ್ತವೆ. ಒಂದು ಎಕ್ಸ್‌ಪೋಶರ್ ಗೊತ್ತು ಮಾಡಿ ಎಲ್ಲ ಚಿತ್ರಕ್ಕೂ ಅದನ್ನೇ ಇಡಿ. ಜತೆಗೆ ಲಕ್ಸ್ ತೋರಿಸುವ ಬಣ್ಣದ ನಕ್ಷೆ ಒಂದಿರಲಿ. ಕಣ್ಣು ಬೇಗ ಹೊಂದಿಕೊಳ್ಳುತ್ತದೆ, ಅಂಕಿ ಹೊಂದಿಕೊಳ್ಳುವುದಿಲ್ಲ.

ಕೋಣೆಗೆ ಎಷ್ಟು ಬೆಳಕು ಬೇಕು?

ಹಗಲು ಬೆಳಕಿಗೆ ಭಾರತೀಯ ಮಾನಕ ಐಎಸ್ 2440 ಇದೆ. ಅದು ಹೊರಗಿನ ಆಕಾಶದಿಂದ 8,000 ಲಕ್ಸ್ ಎಂದು ಹಿಡಿದು, ಅದರಲ್ಲಿ ಒಳಗೆ ನೂರಕ್ಕೆ ಎಷ್ಟು ಬರಬೇಕು ಎಂದು ಹೇಳುತ್ತದೆ. ಅಡುಗೆಮನೆಗೆ 2.5, ಅಂದರೆ 200 ಲಕ್ಸ್. ಓದುವ ಕೋಣೆಗೆ 1.9. ಆದರೆ ಆ 8,000 ತಿಳಿ ಆಕಾಶದ ಲೆಕ್ಕ. ಮಳೆಗಾಲದ ಮಧ್ಯಾಹ್ನ ಹೊರಗೆ 5,000 ಇದ್ದರೆ ಅದೇ ಅಡುಗೆಮನೆಗೆ 125 ಸಿಗುತ್ತದೆ. ಘಟ್ಟದ ಅಂಚಿನ ಊರುಗಳಲ್ಲಿ ಮಾನಕಕ್ಕಿಂತ ಒಂದು ಕೈ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ಅಂಕಿ ಬೇಕಿದ್ದರೆ ರೇಡಿಯನ್ಸ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ ಶುರು ಮಾಡಿದ್ದು, ಉಚಿತ. ರೈನೋ ಬಳಸುವವರಿಗೆ ಹನಿಬೀ ಅದನ್ನು ಸುಲಭ ಮಾಡುತ್ತದೆ. ದೀಪಗಳ ಲೆಕ್ಕಕ್ಕೆ ಡಯಲಕ್ಸ್, ಅದೂ ಉಚಿತ. ಚಿತ್ರಕ್ಕೆ ವಿ–ರೇ, ಬ್ಲೆಂಡರ್, ಎನ್‌ಸ್ಕೇಪ್, ಲ್ಯೂಮಿಯಾನ್ ಯಾವುದಾದರೂ ಸರಿ. ಒಳಕೋಣೆಗೆ ಬೆಳಕು ಕನಿಷ್ಠ ಐದಾರು ಸಲ ಪುಟಿಯುವಂತೆ ಹೊಂದಿಸಿ. ಕಡಿಮೆ ಇಟ್ಟರೆ ನಡುಮನೆ ಇರುವುದಕ್ಕಿಂತ ಕತ್ತಲಾಗುತ್ತದೆ.

ನಮ್ಮ ಲೆಕ್ಕ ಸರಿ ಇದೆ ಅಂತ ತಿಳಿಯುವುದು ಹೇಗೆ?

ನಿಮ್ಮದೇ ಮನೆಯ ಒಂದು ಕೋಣೆಯನ್ನು ಮಾಡೆಲ್ ಮಾಡಿ. ಮೋಡ ಸಮನಾಗಿ ಕವಿದ ದಿನ ಲಕ್ಸ್ ಮೀಟರ್ ಹಿಡಿದು ಹೊರಗೆ ಒಮ್ಮೆ ಅಳೆಯಿರಿ. ಒಳಗೆ ಕಿಟಕಿಯಿಂದ ಮೂರು ಅಡಿಗೊಮ್ಮೆ ಮೇಜಿನ ಎತ್ತರದಲ್ಲಿ ಅಳೆಯಿರಿ. ಮೋಡ ಸರಿಯುವುದರೊಳಗೆ ಬೇಗ ಮುಗಿಸಿ, ಕೊನೆಗೆ ಹೊರಗಿನದನ್ನು ಮತ್ತೊಮ್ಮೆ ನೋಡಿ. ಸಾಫ್ಟ್‌ವೇರಿನ ಅಂಕಿ ಜತೆ ಹೋಲಿಸಿ. ನೂರಕ್ಕೆ ಇಪ್ಪತ್ತರೊಳಗೆ ಹೊಂದಿದರೆ ಚೆನ್ನಾಗಿದೆ. ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಫೋನಿನ ಆ್ಯಪ್ ಅದರ ಬದಲಿಯಲ್ಲ, ಫೋನಿನಿಂದ ಫೋನಿಗೆ ಅಂಕಿ ಬದಲಾಗುತ್ತದೆ.

ಮಂಕು ಚಿತ್ರ ತೋರಿಸಿದರೆ ಮನೆ ಕಟ್ಟಿಸುವವರು ಬೇಜಾರಾಗುವುದಿಲ್ವಾ?

ಮಂಕು ಚಿತ್ರ ಒಂದನ್ನೇ ಕೊಟ್ಟರೆ ಆಗುತ್ತಾರೆ. ಎರಡು ಕೊಡಿ. ಜುಲೈ ನಡುವಿನ ಮಧ್ಯಾಹ್ನ ಮೂರು ಗಂಟೆ, ಓವರ್‌ಕಾಸ್ಟ್ ಆಕಾಶ, ಈಗಿನ ಕಿಟಕಿ. ಅದೇ ಹೊತ್ತು, ಅದೇ ಎಕ್ಸ್‌ಪೋಶರ್, ಕಿಟಕಿಯನ್ನು ಒಂದಡಿ ಎತ್ತರಿಸಿ ಎರಡು ಗಾಜಿನ ಹೆಂಚು ಸೇರಿಸಿದ ಚಿತ್ರ. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಮಾತಾಡಲು ಶುರು ಮಾಡುತ್ತಾರೆ. ಒಲೆ ಎಲ್ಲಿ, ದೇವರ ಕೋಣೆ ಎಲ್ಲಿ, ಓದುವ ಮಕ್ಕಳು ಎಲ್ಲಿ ಕೂರಬೇಕು ಎಂಬ ಮಾತು ತಾನಾಗಿ ಬರುತ್ತದೆ. ಆಮೇಲೆ ಡಿಸೆಂಬರ್ ಬೆಳಿಗ್ಗೆ ಒಂಬತ್ತರ ಎಳೆಬಿಸಿಲಿನ ಚಿತ್ರ, ರಾತ್ರಿ ದೀಪ ಹಾಕಿದ ಚಿತ್ರ ತೋರಿಸಿ. ಆ ಸಂತೋಷವೂ ನಿಜವಾದದ್ದೇ.

ಪ್ರತಿ ಚಿತ್ರದ ಕೆಳಗೆ ಊರು, ತಿಂಗಳು, ಗಂಟೆ, ಆಕಾಶದ ಬಗೆ, ಹೊರಗಿನ ಲಕ್ಸ್ ಇಷ್ಟನ್ನು ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಮೇಸ್ತ್ರಿಗೂ ಒಂದು ಪ್ರತಿ ಕೊಡಿ.